ಏರಿಯಾ ರೇಟು ಬೇರೆ, ರಸ್ತೆ ರೇಟು ಬೇರೆ: ಬೆಂಗಳೂರಿನ ನಾಲ್ಕು ಕಡೆ ಮನೆ ನೋಡಿದ ಮೇಲೆ

ನಮ್ಮ ಭಾವ ಜಯನಗರದ ಮನೆ ಮಾರಲು ಹೊರಟಾಗ ಕೇಳಿದ ಮೊದಲ ಪ್ರಶ್ನೆಯೇ ತಪ್ಪಾಗಿತ್ತು. ‘ಜಯನಗರದಲ್ಲಿ ಈಗ ಅಡಿಗೆ ಎಷ್ಟು ನಡೀತಿದೆ?’ ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ವಾಕಿಂಗ್ ಗೆಳೆಯರು ಒಂದು ರೇಟು ಹೇಳಿದರು. ಮೂಲೆಯ ಇಸ್ತ್ರಿ ಅಂಗಡಿಯವರು ಇನ್ನೊಂದು ಹೇಳಿದರು. ಬ್ರೋಕರ್ ಹೇಳಿದ್ದು ಮೂರನೆಯದು. ಮೂರೂ ಎಲ್ಲೋ ಒಂದು ಕಡೆ ನಿಜವಾಗಿ ನಡೆದ ರೇಟುಗಳೇ, ಆದರೆ ಯಾವುದೂ ಭಾವನ ಮನೆಯದ್ದಲ್ಲ. ಭಾವ ಮಾತ್ರ ಮೂರರಲ್ಲಿ ದೊಡ್ಡದನ್ನು ಹಿಡಿದುಕೊಂಡು ಐದು ತಿಂಗಳು ಕೂತರು.

ಆ ದೊಡ್ಡ ರೇಟು ಸಿಕ್ಕಿದ್ದು ಎರಡು ರಸ್ತೆ ಆಚೆಯ ಮನೆಗೆ. ಅದರ ಎದುರು ಪಾರ್ಕು, ನಲವತ್ತಡಿ ರಸ್ತೆ, ಪೂರ್ವಕ್ಕೆ ಬಾಗಿಲು. ಭಾವನ ಮನೆಯೂ ಅಂಥದ್ದೇ 30/40 ಸೈಟು, ಅದೇ ಬ್ಲಾಕು, ಅದೇ ಪಿನ್ ಕೋಡು. ಆದರೆ ಎದುರಿಗೆ ಪಿಜಿ. ರಸ್ತೆಯ ಎರಡೂ ಕಡೆ ಬೈಕುಗಳ ಸಾಲು. ಗೇಟು ತೆಗೆದು ಕಾರು ಹೊರಗೆ ತರಬೇಕಾದರೆ ಎರಡು ಬೈಕನ್ನಾದರೂ ಸರಿಸಲೇಬೇಕು. ಒಮ್ಮೆ ಮನೆ ನೋಡಲು ಬಂದ ಗಂಡ ಹೆಂಡತಿ ಹಾಲು, ರೂಮು, ಸಂಪು ಎಲ್ಲ ನೋಡಿ ಖುಷಿಯಾದರು, ಅಕ್ಕ ಕೊಟ್ಟ ಕಾಫಿ ಕುಡಿದರು, ವಾಪಸ್ ಹೋಗುವಾಗ ಆ ಬೈಕುಗಳ ಮಧ್ಯೆ ಓರೆಯಾಗಿ ನುಸುಳಿಕೊಂಡು ಹೋದರು. ಆಮೇಲೆ ಫೋನು ಬರಲಿಲ್ಲ.

ಬೆಂಗಳೂರಲ್ಲಿ ‘ಏರಿಯಾ ರೇಟು’ ಅನ್ನುವುದು ಮಾತಿಗೆ ಮಾತ್ರ. ದುಡ್ಡು ಕೈ ಬದಲಾಗುವುದು ರಸ್ತೆ ರೇಟಿನಲ್ಲಿ. ಇದು ಸರ್ಕಾರಕ್ಕೂ ಗೊತ್ತಿದೆ. ನೋಂದಣಿ ಇಲಾಖೆಯ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ಪಟ್ಟಿ ತೆಗೆದು ನೋಡಿ, ಒಂದೇ ಬಡಾವಣೆಯ ಮುಖ್ಯರಸ್ತೆಗೆ ಒಂದು ದರ, ಅಡ್ಡರಸ್ತೆಗೆ ಇನ್ನೊಂದು ದರ ಇರುತ್ತದೆ. ಆಸ್ತಿ ತೆರಿಗೆಗೆ ಹಿಂದಿನ ನಗರಪಾಲಿಕೆ ಬಿಬಿಎಂಪಿ ಕಾಲದಲ್ಲಿ ಎ ಇಂದ ಎಫ್‌ವರೆಗೆ ಆರು ವಲಯ ಮಾಡಿದ್ದೂ ಇದೇ ಲೆಕ್ಕಕ್ಕೆ.

ಹಾಗಾಗಿ ನಾನು ಎರಡು ಜಾಗ ಹೋಲಿಸುವಾಗ ರೇಟಿನಿಂದ ಶುರು ಮಾಡುವುದಿಲ್ಲ. ಈ ರಸ್ತೆಯಲ್ಲಿ ನಾಳೆ ನಾನೇ ಮಾರಲು ನಿಂತರೆ ಕೊಳ್ಳಲು ಯಾರು ಬರುತ್ತಾರೆ ಅಂತ ಕೇಳಿಕೊಳ್ಳುತ್ತೇನೆ. ಅವರಿಗೆ ಏನು ಬೇಕೋ ಅದೇ ಆ ರಸ್ತೆಯ ಬೆಲೆ. ನಿಮಗೆ ಏನು ಇಷ್ಟ ಅನ್ನುವುದು ಆಮೇಲಿನ ಮಾತು.

ಭಾವನಿಗೆ ಮಾರುವುದರ ಜೊತೆಗೆ ಕೊಳ್ಳುವುದೂ ಇತ್ತು. ಅವರಿಬ್ಬರಿಗೆ ಲಿಫ್ಟ್ ಇರುವ ಒಂದು ಫ್ಲಾಟು, ಮಗಳಿಗೆ ಆದರೆ ಒಂದು ಸಣ್ಣ ಮನೆ. ಅವರು ಕಾರು ಓಡಿಸುವುದಿಲ್ಲ, ಹಾಗಾಗಿ ಒಂದು ವರ್ಷ ನನ್ನ ಭಾನುವಾರಗಳೆಲ್ಲ ಇದಕ್ಕೇ ಹೋದವು. ಜಯನಗರ–ಬನಶಂಕರಿ, ಕನಕಪುರ ರಸ್ತೆ, ಆರ್‌ಆರ್ ನಗರ–ಕೆಂಗೇರಿ, ಸರ್ಜಾಪುರ ರಸ್ತೆ ಸುತ್ತಿದೆವು. ಉತ್ತರದ ಯಲಹಂಕ, ಹೆಬ್ಬಾಳದ ಕಡೆ ನಾವು ಹೋಗಲೇ ಇಲ್ಲ, ಅದರ ಬಗ್ಗೆ ಇಲ್ಲಿ ಏನೂ ಇಲ್ಲ.

ಹಳೇ ಬಡಾವಣೆಯಲ್ಲಿ ನೆಲಕ್ಕೆ ಬೆಲೆ, ಮನೆಗಲ್ಲ

ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ನಂತರ. ಜಯನಗರ ಶುರುವಾಗಿದ್ದು 1948ರಲ್ಲಿ. ಬಡಾವಣೆ ಮಾಡಿ ಸೈಟು ಹಂಚುವ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹುಟ್ಟಿದ್ದು 1976ರಲ್ಲಿ, ಅದಕ್ಕೂ ಮುಂಚೆ ಆ ಕೆಲಸಕ್ಕೆ ಸಿಐಟಿಬಿ ಇತ್ತು. ಈ ಇತಿಹಾಸ ಸುಮ್ನೆ ಹೇಳುತ್ತಿಲ್ಲ. ಸರ್ಕಾರವೇ ನೆಲ ಅಳೆದು, ರಸ್ತೆ ಹಾಕಿ, ಸೈಟು ಹಂಚಿದ ಜಾಗಗಳಲ್ಲಿ ಮೂಲಪತ್ರದ ತಕರಾರು ಕಮ್ಮಿ. ಮಂಜೂರಾತಿ ಪತ್ರ, ಕ್ರಯಪತ್ರ, ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ತೆರಿಗೆ ದಾಖಲೆ) ಒಂದರ ಹಿಂದೆ ಒಂದು ಸಾಲಾಗಿ ಸಿಗುತ್ತವೆ. ವಕೀಲರು ಫೈಲು ನೋಡಿ ಬೇಗ ‘ಸರಿ ಇದೆ’ ಅಂದುಬಿಡುತ್ತಾರೆ. ಬ್ಯಾಂಕಿನವರೂ ಅಷ್ಟೇ. ತಕರಾರು ಬಂದರೆ ಸಾಮಾನ್ಯವಾಗಿ ಮನೆಯೊಳಗಿನದೇ: ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ, ಬರೆಯದೇ ಉಳಿದ ವಿಲ್ಲು. ಒಬ್ಬರ ಸಹಿ ಅಮೆರಿಕದಿಂದ ಬರಬೇಕು ಅಂದರೆ ಪವರ್ ಆಫ್ ಅಟಾರ್ನಿಗೇ ತಿಂಗಳುಗಳು ಹೋಗಬಹುದು.

ಇಲ್ಲಿ ಕೊಳ್ಳಲು ಬರುವವರು ಮೂರು ಬಗೆ. ಮೊದಲನೆಯವರು ಒಡೆದು ಕಟ್ಟುವವರು. ಎರಡನೆಯವರು ಅದೇ ಏರಿಯಾದಲ್ಲಿ ಹುಟ್ಟಿ ಬೆಳೆದು, ಅಪ್ಪ ಅಮ್ಮನ ಹತ್ತಿರವೇ ಇರಬೇಕು ಅನ್ನುವವರು. ಮೂರನೆಯವರು ಹೊರದೇಶದಲ್ಲಿ ದುಡಿದು ಊರಲ್ಲೊಂದು ನೆಲೆ ಇರಲಿ ಅನ್ನುವವರು. ಮೂವರಿಗೂ ಬೇಕಾದದ್ದು ಸೈಟು. ನಲವತ್ತು ವರ್ಷದ ಕಟ್ಟಡಕ್ಕೆ ಹೆಚ್ಚುಕಮ್ಮಿ ಬೆಲೆಯೇ ಇಲ್ಲ. ಭಾವ ಇದನ್ನು ನಂಬಲಿಲ್ಲ. ಮಾರುವ ಮುಂಚೆ ಎರಡೂವರೆ ಲಕ್ಷ ಖರ್ಚು ಮಾಡಿ ಪೇಂಟು ಹೊಡೆಸಿದರು, ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದರು. ನೋಡಲು ಬಂದ ಒಬ್ಬರು ಟೈಲ್ಸ್ ಮೇಲೆ ಕೈ ಆಡಿಸಿ, ‘ಚೆನ್ನಾಗಿದೆ ಸಾರ್, ಆದ್ರೆ ನಾವು ಒಡೆಯೋದೇ’ ಅಂದರು. ಮಾರುವವರಿಗೆ ಇಲ್ಲಿ ನನ್ನ ಸಲಹೆ ಒಂದೇ. ಪೇಂಟಿಗೆ ದುಡ್ಡು ಹಾಕಬೇಡಿ, ಕಾಗದಕ್ಕೆ ಹಾಕಿ. ಇ-ಖಾತಾ (ಖಾತಾದ ಡಿಜಿಟಲ್ ರೂಪ) ಮಾಡಿಸಿ, ತೆರಿಗೆ ರಸೀದಿ ಜೋಡಿಸಿ, ಅಪ್ಪನ ಹೆಸರಲ್ಲೇ ಉಳಿದ ಖಾತಾ ಇದ್ದರೆ ಮೊದಲು ಅದನ್ನು ವರ್ಗಾಯಿಸಿ. ಇ-ಖಾತಾ ಇಲ್ಲದೆ ಈಗ ನಗರದಲ್ಲಿ ನೋಂದಣಿಯೇ ಆಗುವುದಿಲ್ಲ, ಗಿರಾಕಿ ಬಂದು ಕೂತ ಮೇಲೆ ಅದಕ್ಕೆ ಓಡಾಡಿದರೆ ಅವರು ಕಾಯುವುದಿಲ್ಲ.

ಕೊಳ್ಳುವವರಿಗೆ ಕಮ್ಮಿ ಬಜೆಟ್ಟಿನಲ್ಲಿ ಇಲ್ಲಿ ತೋರಿಸುವುದು ಇನ್ನೊಂದನ್ನು. ಹಳೇ 30/40 ಮನೆ ಒಡೆದು ಕಟ್ಟಿದ, ಮಹಡಿಗೊಂದು ಫ್ಲಾಟು. ಜಯನಗರದ ವಿಳಾಸ ಅಷ್ಟು ಕಮ್ಮಿಗೆ ಸಿಗುತ್ತಲ್ಲ ಅಂತ ಮನಸ್ಸು ಎಳೆಯುತ್ತದೆ. ಒಂದು ಲೆಕ್ಕ ಹಾಕಿ. ಸೈಟು 1,200 ಚದರಡಿ, ನಾಲ್ಕು ಫ್ಲಾಟು ಅಂದರೆ ನಿಮ್ಮ ಪಾಲಿನ ನೆಲ 300 ಚದರಡಿ. ಈ ಏರಿಯಾದಲ್ಲಿ ಬೆಲೆ ಏರುವುದು ನೆಲಕ್ಕೆ, ಕಟ್ಟಡಕ್ಕಲ್ಲ ಅಂತ ಈಗ ತಾನೇ ಹೇಳಿದೆನಲ್ಲ, ಅದರಲ್ಲಿ ನಿಮ್ಮದು ಕಾಲು ಭಾಗ. ಜೊತೆಗೆ ಪ್ಲಾನಿನಲ್ಲಿ ಇದ್ದ ಮಹಡಿ ಎಷ್ಟು, ಕಟ್ಟಿದ್ದು ಎಷ್ಟು, ಓಸಿ (ಕಟ್ಟಡ ವಾಸಕ್ಕೆ ಸರಿ ಇದೆ ಅನ್ನುವ ಪಾಲಿಕೆಯ ಪ್ರಮಾಣಪತ್ರ) ಇದೆಯಾ ಅಂತ ನೋಡಿ. ಮೇಲಿನ ಮಹಡಿ ಪ್ಲಾನಿನಲ್ಲೇ ಇಲ್ಲದ ಕಟ್ಟಡಗಳನ್ನು ನಾವು ಸಾಕಷ್ಟು ನೋಡಿದೆವು. ಒಬ್ಬ ಬಿಲ್ಡರ್ ನಗುತ್ತಾ, ‘ಇಲ್ಲಿ ಯಾರಿಗೆ ಸಾರ್ ಓಸಿ ಇದೆ’ ಅಂದರು. ಇದ್ದವರು ಪಕ್ಕದ ರಸ್ತೆಯಲ್ಲೇ ಇದ್ದರು, ಅವರ ಫ್ಲಾಟು ಜಾಸ್ತಿ ಬೆಲೆಗೆ ಹೋಯಿತು.

ಮೆಟ್ರೋ ಬಗ್ಗೆ ಒಂದು ಮಾತು. 2025ರ ಆಗಸ್ಟಿನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೂ ರಾಗಿಗುಡ್ಡದ ಸುತ್ತಮುತ್ತ ಮನೆ ನೋಡಬಹುದು. ಆದರೆ ಮೆಟ್ರೋ ಕಂಬದ ಎದುರಿನ ಮನೆಯೂ ನಾಲ್ಕು ರಸ್ತೆ ಒಳಗಿನ ಮನೆಯೂ ಒಂದಲ್ಲ. ನನ್ನ ಅಳತೆ ಇಷ್ಟೇ: ಸ್ಟೇಷನ್ನಿಗೆ ನಡೆದು ಹೋಗುವಂತಿರಬೇಕು, ಕಿಟಕಿಯಿಂದ ರೈಲು ಕಾಣಬಾರದು.

ಕನಕಪುರ ರಸ್ತೆಯಲ್ಲಿ ನಿಮ್ಮ ಸ್ಪರ್ಧಿ ಪಕ್ಕದ ಫ್ಲಾಟು

ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದದ್ದು 2021ರ ಜನವರಿಯಲ್ಲಿ. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ, ಇವೆಲ್ಲ ಈಗ ಜಯನಗರಕ್ಕೆ ನೇರ ರೈಲಿರುವ ಜಾಗಗಳು. ಇಲ್ಲಿ ಕೊಳ್ಳುವವರು ಯಾರು ಅಂತ ನೋಡಿದರೆ ದಕ್ಷಿಣ ಬೆಂಗಳೂರಿನ ಮಕ್ಕಳೇ ಜಾಸ್ತಿ. ಜಯನಗರ, ಜೆಪಿ ನಗರದಲ್ಲಿ ಬೆಳೆದವರು, ಅಲ್ಲಿ ಕೊಳ್ಳಲು ಆಗದವರು, ಅಮ್ಮನ ಮನೆ ಅರ್ಧ ಗಂಟೆಯೊಳಗೆ ಇರಲಿ ಅನ್ನುವವರು. ಒಳ್ಳೆಯ ಗಿರಾಕಿಗಳು. ಸಂಬಳ ಬರುತ್ತದೆ, ಸಾಲ ಸಿಗುತ್ತದೆ, ಕೊಂಡು ಅಲ್ಲೇ ಇರುತ್ತಾರೆ.

ತೊಂದರೆ ಇರುವುದು ಮಾರುವಾಗ. ಮುನ್ನೂರು ಫ್ಲಾಟಿನ ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಎರಡು ಬೆಡ್‌ರೂಮಿನ ಮನೆಗೂ ಮೇಲಿನವರ ಮನೆಗೂ ವ್ಯತ್ಯಾಸ ಏನು? ಏನೂ ಇಲ್ಲ. ಅದೇ ತಿಂಗಳು ಇನ್ನೂ ಆರು ಜನ ಮಾರಲು ಹಾಕಿದ್ದರೆ, ಅವರಲ್ಲಿ ಒಬ್ಬರಿಗೆ ಅರ್ಜೆಂಟು ಇದ್ದರೆ, ಅವರು ಇಳಿಸಿದ ರೇಟೇ ನಿಮ್ಮ ರೇಟು. ಎದುರಿಗೆ ಬಿಲ್ಡರ್ ಹೊಸದು ಕಟ್ಟುತ್ತಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಅಪಾರ್ಟ್‌ಮೆಂಟು ನೋಡುವಾಗ ಸೆಕ್ಯೂರಿಟಿಯವರ ಹತ್ತಿರ ಎರಡು ನಿಮಿಷ ನಿಂತು, ಇಲ್ಲಿ ಎಷ್ಟು ಮನೆ ಖಾಲಿ ಇದೆ, ಎಷ್ಟು ಮಾರಾಟಕ್ಕಿದೆ ಅಂತ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ವೆಬ್‌ಸೈಟಿಗೂ ಗೊತ್ತಿರುವುದಿಲ್ಲ.

ಇನ್ನೊಂದು, ಮುಖ್ಯರಸ್ತೆಯಿಂದ ಒಳಗೆ ಎಷ್ಟು ದೂರ ಅನ್ನುವುದು. ಜಾಹೀರಾತಿನಲ್ಲಿ ‘ಮೆಟ್ರೋದಿಂದ ಐದು ನಿಮಿಷ’ ಅಂತ ಇರುತ್ತದೆ. ನಾವು ಒಂದು ಕಡೆ ನಡೆದೇ ನೋಡಿದೆವು. ಮೊದಲ ಒಂದು ಕಿಲೋಮೀಟರ್ ಚೆನ್ನಾಗಿತ್ತು. ಆಮೇಲೆ ರಸ್ತೆ ಹಳೇ ಹಳ್ಳಿಯ ಒಳಗೆ ಹೊಕ್ಕಿತು, ಎದುರಿಗೆ ಟ್ಯಾಂಕರ್ ಬಂದರೆ ನಾವು ಗೋಡೆಗೆ ಒರಗಿ ನಿಲ್ಲಬೇಕು, ಬೀದಿ ದೀಪ ಅಲ್ಲೊಂದು ಇಲ್ಲೊಂದು. ಅಕ್ಕ ಅರ್ಧದಲ್ಲೇ ನಿಂತು, ‘ರಾತ್ರಿ ಹೊತ್ತು ನಾನಂತೂ ಇಲ್ಲಿ ಒಬ್ಬಳೇ ಬರಲ್ಲ’ ಅಂದರು. ಆ ಫ್ಲಾಟಿನ ಕತೆ ಅಲ್ಲಿಗೆ ಮುಗಿಯಿತು. ಐದು ನಿಮಿಷ ಅಂದದ್ದು ಕಾರಿನಲ್ಲಿ, ಅದೂ ಭಾನುವಾರ ಬೆಳಿಗ್ಗೆ.

ಇಲ್ಲಿ ಬಿಡಿಎ ಬಡಾವಣೆಗಳೂ ಇವೆ, ಅವುಗಳ ಬೇಲಿಗೆ ಹೊಂದಿಕೊಂಡೇ ರೆವಿನ್ಯೂ ಸೈಟುಗಳೂ (ಹೊಲವನ್ನು ಬಡಾವಣೆಯ ಅನುಮತಿ ಇಲ್ಲದೆ ಸೈಟು ಮಾಡಿದ್ದು) ಇವೆ. ಒಂದು ಕಡೆ ಎಲ್ಲ ಸಕ್ರಮ ಇರುವ ಎ ಖಾತಾ, ಎದುರು ಕಡೆ ತೆರಿಗೆಗೆ ಮಾತ್ರ ಬರೆದುಕೊಂಡ ಬಿ ಖಾತಾ, ಮಧ್ಯೆ ಒಂದೇ ರಸ್ತೆ. ಬಿ ಖಾತಾ ಸೈಟು ಅಗ್ಗವಾಗಿರುತ್ತದೆ, ಆದರೆ ಅದಕ್ಕೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಸಾಲ ಸಿಗದ ಸೈಟಿಗೆ ನಗದು ಇಟ್ಟುಕೊಂಡವರು ಮಾತ್ರ ಗಿರಾಕಿ, ಅದಕ್ಕೇ ಅಗ್ಗ. ಬಿ ಖಾತಾವನ್ನು ಎ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ‘ಆಮೇಲೆ ಎ ಆಗುತ್ತೆ ಸಾರ್’ ಅಂತ ಎ ಖಾತಾ ರೇಟು ಕೇಳುವವರು ಇದರಿಂದ ಜಾಸ್ತಿ ಆಗಿದ್ದಾರೆ. ಆಗುತ್ತದೆ ಅಂದರೆ ಮಾರುವವರೇ ಮಾಡಿಸಿ ಕೊಡಲಿ. ಇಲ್ಲವಾದರೆ ಅದರ ಶುಲ್ಕ ಯಾರು ಕಟ್ಟುವುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ.

ನೀರು. ನಗರದ ಅಂಚಿನ 110 ಹಳ್ಳಿಗಳು 2007ರಲ್ಲಿ ಬಿಬಿಎಂಪಿಗೆ ಸೇರಿದವು, ಅವುಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಪೈಪು ಬಂದಿದೆ ಅಂದ ಮಾತ್ರಕ್ಕೆ ನಿಮ್ಮ ಅಪಾರ್ಟ್‌ಮೆಂಟಿಗೆ ಸಂಪರ್ಕ ಇದೆ ಅಂತಲ್ಲ, ಸಂಪರ್ಕ ಇದ್ದರೂ ಸಾಕಾಗುತ್ತದೆ ಅಂತಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು ಮರೆತಿಲ್ಲ ಅಲ್ವಾ? ಸೇಲ್ಸ್‌ನವರನ್ನು ನೀರಿನ ಬಗ್ಗೆ ಕೇಳಿ ಪ್ರಯೋಜನ ಇಲ್ಲ. ಅಲ್ಲಿ ಇರುವವರ ಹತ್ತಿರ ಮಾರ್ಚ್, ಏಪ್ರಿಲ್ ತಿಂಗಳ ಮೇಂಟೆನೆನ್ಸ್ ಬಿಲ್ಲು ತೋರಿಸಿ ಅಂತ ಕೇಳಿ. ಡಿಸೆಂಬರಿನ ಬಿಲ್ಲಿಗೂ ಅದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಟ್ಯಾಂಕರ್ ಖರ್ಚು.

ಆರ್‌ಆರ್ ನಗರ, ಕೆಂಗೇರಿ: ಇಲ್ಲಿ ಮನೆಗೂ ಬೆಲೆ ಇದೆ

ಮೈಸೂರು ರಸ್ತೆಯ ಕಮಾನು ದಾಟಿ ಒಳಗೆ ಹೋದರೆ ಸಿಗುವ ಬೆಮೆಲ್ ಬಡಾವಣೆ, ಐಡಿಯಲ್ ಹೋಮ್ಸ್, ಇತ್ತ ಕೆಂಗೇರಿ ಉಪನಗರ, ಇವು ನನಗೆ ತುಂಬಾ ಹಿಡಿಸಿದವು. ಪಕ್ಷಪಾತ ಅಂದುಕೊಳ್ಳಿ, ನಮ್ಮ ಕಡೆಯವರು ಇಲ್ಲಿ ಜಾಸ್ತಿ. ಮಂಡ್ಯ, ಮೈಸೂರು, ಹಾಸನದಿಂದ ಬಂದು ಕೆಲಸ ಮಾಡಿ ನಿವೃತ್ತರಾದ ಸರ್ಕಾರಿ ನೌಕರರು, ಮೇಷ್ಟ್ರುಗಳು, ಬ್ಯಾಂಕಿನವರು. ಮನೆ ಕಟ್ಟಿ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಡುವ ಜನ. ಇಲ್ಲಿ ಕೊಳ್ಳಲು ಬರುವವರೂ ಅಂಥವರೇ. ಅವರು ಒಡೆಯಲು ಬರುವುದಿಲ್ಲ, ಇರಲು ಬರುತ್ತಾರೆ. ಹಾಗಾಗಿ ಚೆನ್ನಾಗಿ ಕಟ್ಟಿದ ಮನೆಗೆ, ದೇವರಮನೆ ಎಲ್ಲಿದೆ, ಅಡುಗೆಮನೆ ಯಾವ ಮೂಲೆಗಿದೆ ಅನ್ನುವುದಕ್ಕೂ ಇಲ್ಲಿ ದುಡ್ಡು ಸಿಗುತ್ತದೆ. ಜಯನಗರದಲ್ಲಿ ವೇಸ್ಟು ಅಂದೆನಲ್ಲ, ಆ ಪೇಂಟಿಗೆ ಇಲ್ಲಿ ಅರ್ಥ ಇದೆ. ವಾಸ್ತು ನಾನು ನಂಬುವುದಿಲ್ಲ, ಆದರೆ ನನ್ನ ಮನೆ ಕೊಳ್ಳಲು ಬರುವವರು ನಂಬುತ್ತಾರಲ್ಲ! ರಸ್ತೆ ನೇರವಾಗಿ ಎದುರಿಗೆ ಬಂದು ಹೊಡೆಯುವ ಸೈಟು ಕೊಳ್ಳುವವರಿಗೆ ಅಗ್ಗಕ್ಕೆ ಸಿಗುತ್ತದೆ. ಹತ್ತು ವರ್ಷ ಬಿಟ್ಟು ಮಾರುವಾಗ ಅದೇ ಅಗ್ಗದ ಮಾತು ನಿಮಗೆ ವಾಪಸ್ ಬರುತ್ತದೆ.

ನೇರಳೆ ಮಾರ್ಗ ಕೆಂಗೇರಿಗೆ ಬಂದದ್ದು 2021ರ ಆಗಸ್ಟಿನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರಿನಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಶುರುವಾದ ಮೇಲೆ ಊರಿಗೆ ಹೋಗಿಬರುವವರಿಗೂ ಇದು ಅನುಕೂಲದ ಜಾಗ.

ಆದರೆ ಕೊಳಚೆ ನೀರು ಹೊತ್ತು ಹರಿಯುವ ವೃಷಭಾವತಿ ನದಿ. ಒಂದು ಮನೆಗೆ ಬೆಳಿಗ್ಗೆ 11ಕ್ಕೆ ಹೋದೆವು. ಬಿಸಿಲು, ಗಾಳಿ, ಮಾವಿನ ಮರ, ಎಲ್ಲ ಸೊಗಸಾಗಿತ್ತು. ಮಗಳು ಅಳಿಯನನ್ನು ಕರೆದುಕೊಂಡು ಸಂಜೆ 7ಕ್ಕೆ ಮತ್ತೆ ಹೋದೆವು. ಕಾರಿನ ಕಿಟಕಿ ಇಳಿಸಿದ ಕೂಡಲೇ ಯಾರೂ ಮಾತಾಡಲಿಲ್ಲ. ಮನೆಯವರು ಮಾತ್ರ ಏನೂ ಆಗಿಲ್ಲ ಅನ್ನುವಂತೆ ಅಂಗಳದಲ್ಲೇ ಕುರ್ಚಿ ಹಾಕಿದರು, ಅವರಿಗೆ ಅಭ್ಯಾಸ ಆಗಿಹೋಗಿತ್ತು. ಅದೇ ಬಡಾವಣೆಯಲ್ಲಿ ನಾಲ್ಕು ರಸ್ತೆ ಮೇಲೆ, ದಿಣ್ಣೆಯ ಮೇಲಿನ ಮನೆಯಲ್ಲಿ ವಾಸನೆ ಇಲ್ಲವೇ ಇಲ್ಲ. ರೇಟಿನಲ್ಲೂ ಅಷ್ಟೇ ವ್ಯತ್ಯಾಸ, ಅದೂ ನ್ಯಾಯವಾದದ್ದೇ.

ಸರ್ಜಾಪುರ ರಸ್ತೆ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಯಾಕೆಂದರೆ ಅಲ್ಲಿಗೆ ಹೋಗಿಬರುವಷ್ಟರಲ್ಲೇ ನಮ್ಮ ಮನೆಯವರಿಗೆ ಸಾಕಾಯಿತು. ಇದು ಕೆಲಸದ ಮೇಲೆ ನಿಂತ ಮಾರುಕಟ್ಟೆ. ಕೊಳ್ಳುವವರು ದೇಶದ ಎಲ್ಲ ಕಡೆಯಿಂದ ಬಂದ ಐಟಿಯವರು, ಆಫೀಸು ಹತ್ತಿರ ಇರಬೇಕು ಅನ್ನುವುದೇ ಮೊದಲ ಮಾತು. ಬಾಡಿಗೆಗೆ ಜನ ಬೇಗ ಸಿಗುತ್ತಾರೆ. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದ ದಿನ ಅದೇ ಬೇಗದಲ್ಲಿ ಹೊರಟೂ ಹೋಗುತ್ತಾರೆ, ಕೋವಿಡ್ ಹೊತ್ತಿನಲ್ಲಿ ನೋಡಿದೆವಲ್ಲ. ನಿಮ್ಮ ಕೆಲಸ ಅಲ್ಲೇ ಇದ್ದರೆ ಕೊಳ್ಳಿ. ಬೆಲೆ ಏರುತ್ತದೆ ಅನ್ನುವ ಒಂದೇ ಕಾರಣಕ್ಕೆ ಜಯನಗರದಲ್ಲಿ ಕೂತು ಅಲ್ಲಿ ಕೊಳ್ಳುವುದು ನನಗಂತೂ ಬೇಡ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಆ ಸುತ್ತಿನಲ್ಲಿ ಏನೇ ನೋಡಿದರೂ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ. ಕೆರೆ, ರಾಜಕಾಲುವೆ ಎಷ್ಟು ಹತ್ತಿರ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದು ಮಳೆ ಬಿದ್ದ ಮರುದಿನ ಹೋಗಿ, ಪಕ್ಕದ ಅಂಗಡಿಯ ಗೋಡೆಯಲ್ಲಿ ನೀರು ನಿಂತ ಗೆರೆ ಇದೆಯಾ ನೋಡಿ.

ಇನ್ನು ‘ಮುಂದೆ ಮೆಟ್ರೋ ಬರುತ್ತದೆ’ ಅನ್ನುವ ಮಾತು. ಹಳದಿ ಮಾರ್ಗ ಇರುವ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ರೈಲು ಓಡಿದ್ದು 2025ರಲ್ಲಿ. ಬರುವ ಮೆಟ್ರೋಗೆ ಇವತ್ತೇ ದುಡ್ಡು ಕೊಟ್ಟರೆ ಅಷ್ಟು ವರ್ಷದ ಬಡ್ಡಿಯನ್ನೂ ಕೊಟ್ಟಂತೆ.

ನಿಜವಾದ ರೇಟು ಹುಡುಕುವುದು

ವೆಬ್‌ಸೈಟುಗಳಲ್ಲಿ ಇರುವುದು ಕೇಳುವ ರೇಟು. ಕೊಟ್ಟ ರೇಟು ಅಲ್ಲ. ಒಂದೇ ಮನೆಯನ್ನು ನಾಲ್ಕು ಬ್ರೋಕರುಗಳು ನಾಲ್ಕು ಬೆಲೆಗೆ ಹಾಕಿರುವುದನ್ನು ಫೋಟೋದಲ್ಲಿನ ಸೋಫಾ ನೋಡಿ ಕಂಡುಹಿಡಿದೆವು.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇಸಿ, ಅಂದರೆ ಆಸ್ತಿಯ ಮೇಲೆ ಆದ ನೋಂದಣಿಗಳನ್ನೆಲ್ಲ ತೋರಿಸುವ ಋಣಭಾರ ಪತ್ರ. ಸಾಮಾನ್ಯವಾಗಿ ನಾವು ಕೊಳ್ಳುವ ಆಸ್ತಿಯ ಇಸಿ ಮಾತ್ರ ತೆಗೆಸುತ್ತೇವೆ, ಸಾಲ ಗೀಲ ಇದೆಯಾ ಅಂತ. ಅದೇ ರಸ್ತೆಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆ ಯಾವುದು ಅಂತ ತಿಳಿದುಕೊಂಡು, ಅದರ ಸೈಟ್ ನಂಬರ್ ಹಾಕಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅದರ ಇಸಿಗೂ ಅರ್ಜಿ ಹಾಕಿ. ಯಾವ ದಿನ ಕ್ರಯ ಆಯಿತು, ಎಷ್ಟು ಮೊತ್ತಕ್ಕೆ ಆಯಿತು ಅಂತ ಬರುತ್ತದೆ. ಗೇಟಿನ ಮೇಲಿನ ಮನೆ ನಂಬರೂ ಬಡಾವಣೆಯ ಸೈಟ್ ನಂಬರೂ ಬೇರೆ ಇರಬಹುದು, ಅದೊಂದು ಸರಿಯಾಗಿ ಕೇಳಿಕೊಳ್ಳಿ. ಪತ್ರದಲ್ಲಿ ತೋರಿಸಿದ್ದಕ್ಕಿಂತ ಜಾಸ್ತಿ ನಗದಾಗಿ ಕೊಟ್ಟಿರುವ ಸಾಧ್ಯತೆ ಇದ್ದೇ ಇದೆ, ಹಾಗಾಗಿ ಅದನ್ನು ‘ಇದಕ್ಕಿಂತ ಕಮ್ಮಿ ಅಲ್ಲ’ ಅಂತ ಓದಬೇಕು. ಬಿಡಿಎ ಬಡಾವಣೆಗಳಲ್ಲಾದರೆ ಮೂಲೆ ಸೈಟುಗಳ ಇ-ಹರಾಜಿನಲ್ಲಿ ಬಂದ ಬಿಡ್ಡು ಇನ್ನೊಂದು ಗುರುತು. ಅದು ಮೂಲೆ ಸೈಟು ಅನ್ನುವುದು ನೆನಪಿರಲಿ. ಮಧ್ಯದ ಸೈಟಿಗೆ ಅಷ್ಟು ಬರುವುದಿಲ್ಲ.

ಬಾಡಿಗೆಯಿಂದಲೂ ಒಂದು ಅಂದಾಜು ಸಿಗುತ್ತದೆ. ಒಂದು ಕೋಟಿ ಕೇಳುವ ಫ್ಲಾಟಿಗೆ ತಿಂಗಳಿಗೆ 25,000 ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ, ಅಂದರೆ ನೂರಕ್ಕೆ ಮೂರು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಅದೇ ಒಂದು ಕೋಟಿಗೆ 35,000 ಬರುತ್ತಿದ್ದರೆ ಅಲ್ಲಿ ಇರಲು ಜನ ಇಷ್ಟಪಡುತ್ತಿದ್ದಾರೆ ಅಂತಲೇ ಅರ್ಥ. ಯಾಕೆ ಅಂತ ಹೋಗಿ ನೋಡಿ.

ಫ್ಲಾಟಿನಲ್ಲಿ ‘ಅಡಿ’ ಅಂದರೆ ಯಾವ ಅಡಿ ಅಂತ ಕೇಳದೆ ಹೋಲಿಸಲೇಬೇಡಿ. ಒಂದು ಕಡೆ 1,200 ಚದರಡಿ ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿ), ಅಡಿಗೆ 8,000, ಒಟ್ಟು 96 ಲಕ್ಷ. ಇನ್ನೊಂದು ಕಡೆ 1,050 ಚದರಡಿ, ಅಡಿಗೆ 8,600, ಒಟ್ಟು 90 ಲಕ್ಷದ 30 ಸಾವಿರ. ರೇಟು ನೋಡಿದರೆ ಮೊದಲನೆಯದು ಅಗ್ಗ. ಕಾರ್ಪೆಟ್ ಏರಿಯಾ ಮೊದಲನೆಯದರಲ್ಲಿ 840, ಎರಡನೆಯದರಲ್ಲಿ 800 ಇದ್ದರೆ? ಕಾಲಿಟ್ಟು ಓಡಾಡುವ ಜಾಗಕ್ಕೆ ಮೊದಲನೆಯದು ಅಡಿಗೆ ಸುಮಾರು 11,430, ಎರಡನೆಯದು ಸುಮಾರು 11,290. ನಲವತ್ತು ಅಡಿ ಜಾಸ್ತಿ ಜಾಗಕ್ಕೆ 5 ಲಕ್ಷದ 70 ಸಾವಿರ ಜಾಸ್ತಿ ಕೊಡುತ್ತಿದ್ದೀರಿ. ಕೊಳ್ಳುವವರ ರಕ್ಷಣೆಗೆ ರೆರಾ ಕಾಯ್ದೆ ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಹಳೇ ಫ್ಲಾಟಾದರೆ ಟೇಪು ಹಿಡಿದು ನೀವೇ ಅಳೆಯಿರಿ, ಸಂಕೋಚ ಬೇಡ.

ಕೈಯಿಂದ ಹಾಕಬೇಕಾದ ದುಡ್ಡನ್ನು ಬಹಳ ಜನ ಕಮ್ಮಿ ಅಂದುಕೊಳ್ಳುತ್ತಾರೆ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಯಿತು. ಒಟ್ಟು 7.6. ಮಾರಾಟದ ಬೆಲೆ, ಗೈಡೆನ್ಸ್ ವ್ಯಾಲ್ಯೂ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಕಟ್ಟಬೇಕು. 80 ಲಕ್ಷದ ಮನೆಗೆ 6,08,000. ಸಾಲ 75 ಲಕ್ಷ ಮೀರಿದರೆ ಬ್ಯಾಂಕು ಬೆಲೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕೊಡುವಂತಿಲ್ಲ. 30ರಿಂದ 75 ಲಕ್ಷದೊಳಗಿನ ಸಾಲಕ್ಕೆ 80 ಪರ್ಸೆಂಟ್‌ವರೆಗೆ ಕೊಡಬಹುದು, ನೋಂದಣಿ ಖರ್ಚನ್ನು ಈ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ. ಅಂದರೆ ಈ ಮನೆಗೆ ಪೂರ್ತಿ ಸಾಲ ಸಿಕ್ಕರೂ ನಿಮ್ಮ ಕೈಯಿಂದ 16 ಲಕ್ಷ, ಮೇಲೆ ಆ 6 ಲಕ್ಷ, ಬ್ರೋಕರು, ವಕೀಲರು. ಬೆಲೆ 50 ಲಕ್ಷ ಮುಟ್ಟಿದರೆ 1 ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಅದು ಮಾರುವವರ ದುಡ್ಡಿನಿಂದಲೇ ಹೋಗುವುದು, ಜಾಸ್ತಿ ಖರ್ಚಲ್ಲ. ಮಾರುವವರು ಹೊರದೇಶದಲ್ಲಿ ಇರುವವರಾದರೆ ಈ 1 ಪರ್ಸೆಂಟ್ ಲೆಕ್ಕ ನಡೆಯುವುದಿಲ್ಲ, ತುಂಬಾ ಜಾಸ್ತಿ ಹಿಡಿಯಬೇಕಾಗುತ್ತದೆ. ಆಡಿಟರನ್ನು ಕೇಳದೆ ಟೋಕನ್ ಕೊಡಬೇಡಿ.

ಮಾರುವವರೂ ಅಷ್ಟೇ, ಆಡಿಟರ್ ಹತ್ತಿರ ಗಿರಾಕಿ ಸಿಗುವ ಮುಂಚೆಯೇ ಹೋಗಿ. ಬಂದ ಲಾಭಕ್ಕೆ ತೆರಿಗೆ ಇದೆ, ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿಯೂ ಇದೆ. ಭಾವ ಒಂದು ಮಾರಿ ಒಂದು ಕೊಳ್ಳುವ ಲೆಕ್ಕ ಹಾಕಿದ್ದೇ ಅದಕ್ಕೆ.

ಮತ್ತೆ ಆಷಾಢ. ಆ ತಿಂಗಳು ಮನೆ ನೋಡಲು ಬರುವವರೇ ಕಮ್ಮಿ, ಬಂದರೂ ಅಡ್ವಾನ್ಸ್ ಕೊಡುವುದಿಲ್ಲ. ಪಿತೃಪಕ್ಷದಲ್ಲೂ ಹಾಗೆಯೇ. ಮಾರುವವರು ಅದನ್ನು ನೋಡಿ ಗಾಬರಿಯಾಗಿ ರೇಟು ಇಳಿಸಬೇಡಿ. ಕೊಳ್ಳುವವರಿಗೆ ಮಾತ್ರ ಅದೇ ಒಳ್ಳೆಯ ಕಾಲ. ಮನೆಯಲ್ಲಿ ದೊಡ್ಡವರು ಒಪ್ಪಿದರೆ.

ಭಾವನ ಮನೆ ಕೊನೆಗೂ ಮಾರಾಟವಾಯಿತು. ಐದು ತಿಂಗಳು ಊರೆಲ್ಲ ಹುಡುಕಿದ ಗಿರಾಕಿ ಕಾಂಪೌಂಡ್ ಗೋಡೆಯ ಆಚೆಗೇ ಇದ್ದರು. ಪಕ್ಕದ ಮನೆಯವರಿಗೆ ಇದು ಬರೀ 30/40 ಅಲ್ಲ, ಅವರದ್ದರ ಜೊತೆ ಸೇರಿದರೆ 60/40. ಇಬ್ಬರು ಮಕ್ಕಳಿಗೂ ಒಂದೇ ಕಡೆ ಮನೆ ಕಟ್ಟಬಹುದು. ಎದುರಿನ ಪಿಜಿ, ಬೈಕುಗಳು ಅವರಿಗೆ ಹೊಸದಲ್ಲ, ಇಪ್ಪತ್ತು ವರ್ಷದಿಂದ ಅದೇ ಬೈಕು ಸರಿಸುತ್ತಿದ್ದಾರೆ. ಪಾರ್ಕಿನ ಎದುರಿನ ರೇಟು ಸಿಗಲಿಲ್ಲ, ಆದರೆ ಹೊರಗಿನವರು ಕೊಡುತ್ತಿದ್ದುದಕ್ಕಿಂತ ಚೆನ್ನಾಗಿಯೇ ಕೊಟ್ಟರು. ಮಾರುವ ಮನಸ್ಸಿದ್ದರೆ ಬ್ರೋಕರ್‌ಗೆ ಹೇಳುವ ಮುಂಚೆ ಎಡ, ಬಲ, ಹಿಂದಿನ ಮನೆಯವರಿಗೆ ಒಂದು ಮಾತು ಹೇಳಿ ನೋಡಿ. ಭಾವನಿಗೆ ಮುಜುಗರ, ಅದಕ್ಕೇ ಐದು ತಿಂಗಳು ಹೋಯಿತು.

ಅವರಿಬ್ಬರೂ ದೊಡ್ಡಕಲ್ಲಸಂದ್ರ ಸ್ಟೇಷನ್ನಿಗೆ ನಡೆದೇ ಹೋಗಬಹುದಾದ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಎರಡನೇ ಮಹಡಿ ಫ್ಲಾಟು ಕೊಂಡಿದ್ದಾರೆ. ಅಲ್ಲಿ ಇರುವುದೇ ನಲವತ್ತು ಮನೆ, ಮಾರಾಟಕ್ಕೆ ಇದ್ದದ್ದು ಇದೊಂದೇ, ಏಪ್ರಿಲ್ ತಿಂಗಳ ಬಿಲ್ಲೂ ನೋಡಿದೆವು. ಮಗಳದ್ದು ಇನ್ನೂ ಆಗಿಲ್ಲ. ಆರ್‌ಆರ್ ನಗರದ ದಿಣ್ಣೆಯ ಮೇಲೆ ಇನ್ನೊಂದು ಮನೆ ಬಂದಿದೆಯಂತೆ. ಮನೆಯವರು ಭಾನುವಾರ ಬೆಳಿಗ್ಗೆ ಬನ್ನಿ ಅಂದಿದ್ದಾರೆ. ನಾವು ಶನಿವಾರ ಸಂಜೆ 7ಕ್ಕೇ ಒಂದು ಸಲ ಆ ರಸ್ತೆಯಲ್ಲಿ ಹೋಗಿ, ಕಿಟಕಿ ಇಳಿಸಿ ನೋಡಿಕೊಂಡು ಬರುತ್ತೇವೆ.